ಎರಡು ಪೆಟ್ಟಿಗೆ: ಲಕ್ಕಿ ಡ್ರಾ ಡಬ್ಬಿ ಮತ್ತು ಯೆಹೋಯಾದನ ಪೆಟ್ಟಿಗೆ

ಭಾನುವಾರದ ಯೌವನಸ್ಥರ ಆರಾಧನೆಯ ಸಂದೇಶ
ವಾಕ್ಯಭಾಗ: 2 ಅರಸುಗಳು 12:4–15, 2 ಪೂರ್ವಕಾಲವೃತ್ತಾಂತ 24:4–14

  

ಆರಾಧನೆಯಲ್ಲಿ ನಡೆಸಿದ ಕ್ವಾಯರ್‌ನವರಿಗಾಗಿ ದೇವರನ್ನು ಸ್ತುತಿಸುತ್ತೇನೆ. ಸತ್ಯವೇದ ತಂದಿರೋರು ತೆರೆಯಿರಿ, ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡಿ. ಎರಡನೆಯ ಅರಸುಗಳ ಪುಸ್ತಕ, ಹನ್ನೆರಡನೆಯ ಅಧ್ಯಾಯ. ನಾವು ಸಾಮಾನ್ಯವಾಗಿ ಪ್ರಸಂಗ ಕೇಳುವ ಅಧ್ಯಾಯ ಅಲ್ಲ ಇದು. ಇಲ್ಲಿ ಬೆಂಕಿ ಇಳಿಯೋದಿಲ್ಲ, ಸಮುದ್ರ ಸೀಳೋದಿಲ್ಲ. ಇಲ್ಲಿರೋದು ಒಂದು ಹಳೇ ಕಟ್ಟಡ, ಗೋಡೆಯ ಬಿರುಕು, ಸಾಲದೇ ಹೋದ ಹಣ ಮತ್ತು ಒಂದು ಮರದ ಪೆಟ್ಟಿಗೆ.

ಪ್ರಾರ್ಥಿಸೋಣ. ತಂದೆಯೇ, ನಿನ್ನ ವಾಕ್ಯ ನಮ್ಮ ಜೇಬಿನ ತನಕ ಬರಲಿ, ನಮ್ಮ ಹೃದಯದಲ್ಲೇ ನಿಲ್ಲದೆ ನಮ್ಮ ಕೈಗಳಿಗೂ ಇಳಿಯಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.

ಈ ವಾಕ್ಯ ಇವತ್ತು ಯಾಕೆ ಬಂತು ಅಂತ ಮೊದಲೇ ಹೇಳಿಬಿಡ್ತೀನಿ. ನಮ್ಮ ಸಭೆಯ ಹಿಂದಿನ ಬೀದಿಯ ಮಕ್ಕಳಿಗೆ ನಮ್ಮ ಯೌವನಸ್ಥರು ಸಂಜೆ ಟ್ಯೂಷನ್ ನಡೆಸ್ತಾ ಇದ್ದಾರೆ. ಆ ಮಕ್ಕಳ ತಂದೆತಾಯಿ ಹೆಚ್ಚಿನವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಮನೆಕೆಲಸ ಮಾಡುವವರು. ಟ್ಯೂಷನ್ ನಡೆಯುವ ಕೋಣೆಯ ಶೀಟು ಸೋರ್ತಾ ಇದೆ. ಮಳೆ ಬಂದ ದಿನ ಪಾಠ ಇಲ್ಲ. ಜೂನ್‌ನಲ್ಲಿ ಶಾಲೆ ಶುರುವಾಗುವುದರೊಳಗೆ ಶೀಟು ಬದಲಾಯಿಸಬೇಕು, ಕೂರೋದಕ್ಕೆ ಬೆಂಚು ಮಾಡಿಸಬೇಕು, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕಟ್ಟಬೇಕು.

ಇದಕ್ಕಾಗಿ ಯೂತ್ ಕಮಿಟಿಯವರು ಒಂದು ಯೋಜನೆ ತಂದರು. ಚರ್ಚ್ ಕಾಂಪೌಂಡಿನಲ್ಲಿ ಫ್ಯಾಮಿಲಿ ಮೇಳ. ಅಮ್ಮಂದಿರ ಅಡುಗೆ ಸ್ಟಾಲು, ಮಕ್ಕಳಿಗೆ ಆಟ, ಸಂಜೆ ಹಾಡು. ಮತ್ತು ಕೊನೆಯಲ್ಲಿ ಲಕ್ಕಿ ಡ್ರಾ. ಟಿಕೆಟ್‌ಗೆ ನೂರು ರೂಪಾಯಿ. ಮೊದಲ ಬಹುಮಾನ ಸ್ಮಾರ್ಟ್ ಟಿವಿ, ಎರಡನೆಯದು ಮಿಕ್ಸಿ, ಮೂರನೆಯದು ಸೈಕಲ್. ಪ್ರತಿ ಕುಟುಂಬಕ್ಕೆ ಹತ್ತು ಟಿಕೆಟಿನ ಪುಸ್ತಕ. ಆಫೀಸಿನಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಮಾರಬೇಕು. ಡಬ್ಬಿಯಿಂದ ಚೀಟಿ ತೆಗೆಯೋದು ಸಂಡೇ ಸ್ಕೂಲಿನ ಒಂದು ಪುಟ್ಟ ಮಗು.

ಮೊದಲಿಗೆ ನಾನು ಅವರನ್ನು ಅಭಿನಂದಿಸ್ತೀನಿ. ಎಷ್ಟೋ ಸಭೆಗಳಲ್ಲಿ ಯುವಕರು ಎಲ್ಲಿದ್ದಾರೆ ಅಂತ ಹುಡುಕಬೇಕು. ಇಲ್ಲಿ ಯುವಕರು ಆಫೀಸ್ ಮುಗಿಸಿ, ಟ್ರಾಫಿಕ್‌ನಲ್ಲಿ ನುಗ್ಗಿ ಬಂದು, ಬಡ ಮಕ್ಕಳಿಗೆ ಮಗ್ಗಿ ಹೇಳಿಕೊಡ್ತಾ ಇದ್ದಾರೆ. ಇದು ಪವಿತ್ರಾತ್ಮನ ಕೆಲಸ. ಅವರ ಉದ್ದೇಶದಲ್ಲಿ ಒಂದು ಕಲೆಯೂ ಇಲ್ಲ. ಆದರೂ ಗುರುವಾರ ಹಿರಿಯರೂ ಯೂತ್ ಕಮಿಟಿಯೂ ಕೂತು ಪ್ರಾರ್ಥಿಸಿ, ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಮೇಳ ನಡೆಯುತ್ತೆ, ಲಕ್ಕಿ ಡ್ರಾ ಇರೋದಿಲ್ಲ. ಯಾಕೆ ಅಂತ ವಾಕ್ಯದಿಂದ ಹೇಳುವುದು ನನ್ನ ಜವಾಬ್ದಾರಿ. "ಪಾಸ್ಟರ್ ಬೇಡ ಅಂದ್ರು" ಅನ್ನುವುದು ಸಾಕಾಗುವ ಕಾರಣ ಅಲ್ಲ.

1. ಸತ್ಯವೇದದಲ್ಲಿ ಚೀಟು ಇದೆಯಲ್ಲ, ಪಾಸ್ಟರ್?

ಒಬ್ಬ ತಮ್ಮ ಈ ಪ್ರಶ್ನೆ ಕೇಳಿದ. ಒಳ್ಳೇ ಪ್ರಶ್ನೆ. ಸತ್ಯವೇದ ಓದೋರು ಮಾತ್ರ ಇಂಥ ಪ್ರಶ್ನೆ ಕೇಳ್ತಾರೆ. ಹೌದು, ಇದೆ. (ಸತ್ಯವೇದದ ಚೀಟು ಅಂದ್ರೆ ನಿಮ್ಮ ಅತ್ತೆ ತಿಂಗಳ ತಿಂಗಳ ಹಾಕೋ ಚೀಟಿ ಅಲ್ಲ, ಗೊಂದಲ ಮಾಡ್ಕೋಬೇಡಿ.) ಜ್ಞಾನೋಕ್ತಿ 16:33ರಲ್ಲಿ ಮಡಿಲಲ್ಲಿ ಬಿದ್ದ ಚೀಟಿನ ತೀರ್ಪು ಕೂಡ ಯೆಹೋವನ ಕೈಯಲ್ಲಿದೆ ಅಂತ ಸೊಲೊಮೋನನು ತಿಳಿಸುತ್ತಾನೆ. ಯೆಹೋಶುವ 18ನೇ ಅಧ್ಯಾಯದಲ್ಲಿ ಶೀಲೋವಿನಲ್ಲಿ ಏಳು ಕುಲಗಳಿಗೆ ಚೀಟು ಹಾಕಿ ದೇಶವನ್ನು ಹಂಚಿದರು. ಅಪೊಸ್ತಲರ ಕೃತ್ಯಗಳು ಮೊದಲನೇ ಅಧ್ಯಾಯದಲ್ಲಿ ಯೂದನ ಜಾಗಕ್ಕೆ ಮತ್ತೀಯನು ಬಂದದ್ದೂ ಚೀಟಿನಿಂದಲೇ.

ಆದರೆ ಒಂದು ವಿಷಯ ಗಮನಿಸಿ. ಯೆಹೋಶುವನು ಚೀಟು ಹಾಕಿದಾಗ ಯಾವ ಕುಲ ಟಿಕೆಟ್ ಕೊಂಡುಕೊಂಡಿತ್ತು? ಯಾವುದೂ ಇಲ್ಲ. ಸೋತ ಕುಲ ಯಾವುದು? ಯಾವುದೂ ಇಲ್ಲ. ಏಳು ಕುಲಕ್ಕೂ ಭೂಮಿ ಸಿಕ್ಕಿತು. ಯಾರಿಗೆ ಯಾವ ಭಾಗ ಅನ್ನೋದಷ್ಟೇ ಚೀಟಿನಿಂದ ತೀರ್ಮಾನ ಆಯ್ತು, ಜಗಳ ಆಗದಿರಲಿ ಅಂತ. ನಮ್ಮಲ್ಲೂ ಇದೆ. ಕ್ರಿಕೆಟ್‌ನಲ್ಲಿ ಟಾಸ್ ಹಾಕ್ತೀವಿ, ಆರ್‌ಟಿಇ ಸೀಟಿಗೆ ಅರ್ಜಿ ಹೆಚ್ಚಾದಾಗ ಲಾಟರಿ ಮೂಲಕ ಮಕ್ಕಳನ್ನು ಆರಿಸ್ತಾರೆ. ಅದು ಜೂಜಲ್ಲ. ಯಾರೂ ದುಡ್ಡು ಪಣಕ್ಕೆ ಇಟ್ಟಿಲ್ಲ.

ಮತ್ತೀಯನಿಗೆ ಏನು ಸಿಕ್ಕಿತು? ಟಿವಿ ಸಿಗಲಿಲ್ಲ. ಸೇವೆ ಸಿಕ್ಕಿತು. ಯೇಸು ಎದ್ದಿದ್ದಾನೆ ಅಂತ ಸಾಕ್ಷಿ ಹೇಳುವ ಕೆಲಸ. ಆ ಕಾಲದಲ್ಲಿ ಅದು ಪೆಟ್ಟು ತಿನ್ನುವ ಕೆಲಸ.

ಈಗ ಪೆಂತೆಕೋಸ್ತಿನವರಾದ ನಮಗೆ ಬಹಳ ಮುಖ್ಯವಾದ ಮಾತು. ಕೃತ್ಯಗಳು ಒಂದನೇ ಅಧ್ಯಾಯದಲ್ಲಿ ಚೀಟು. ಎರಡನೇ ಅಧ್ಯಾಯದಲ್ಲಿ ಏನಾಯ್ತು? (ಸಭೆ: ಪವಿತ್ರಾತ್ಮ!) ಹಲ್ಲೆಲೂಯ! ಅದಾದ ಮೇಲೆ ಆರನೇ ಅಧ್ಯಾಯದಲ್ಲಿ ಏಳು ಜನರನ್ನು ಆರಿಸಿದರು, ಚೀಟಿಲ್ಲ. ಹದಿಮೂರರಲ್ಲಿ ಅಂತಿಯೋಕ್ಯದ ಸಭೆ ಉಪವಾಸದಲ್ಲಿದ್ದಾಗ ಬಾರ್ನಬನನ್ನೂ ಸೌಲನನ್ನೂ ಪವಿತ್ರಾತ್ಮನೇ ಕರೆದನು, ಚೀಟಿಲ್ಲ. ಪಂಚಾಶತ್ತಮ ದಿನದ ಆಚೆಗೆ ಸಭೆಯು ಚೀಟು ಹಾಕಿದ್ದು ಹೊಸ ಒಡಂಬಡಿಕೆಯಲ್ಲಿ ಒಂದು ಕಡೆಯೂ ಕಾಣೋದಿಲ್ಲ. ಆತ್ಮನು ಬಂದ ಮನೆಗೆ ಡಬ್ಬಿ ಅಲ್ಲಾಡಿಸುವ ಅಗತ್ಯ ಇರಲಿಲ್ಲ.

ಹಾಗಾದರೆ ದುಡ್ಡಿನ ಆಸೆಗೆ, ಒಬ್ಬನಿಗೆ ಸಿಕ್ಕಿ ಉಳಿದವರಿಗೆ ಏನೂ ಸಿಗದ ಹಾಗೆ ಚೀಟು ಹಾಕಿದ್ದು ಸತ್ಯವೇದದಲ್ಲಿ ಎಲ್ಲಾದರೂ ಇದೆಯಾ? ಇದೆ. ಆ ಜಾಗಕ್ಕೆ ಕೊನೆಯಲ್ಲಿ ಬರ್ತೀನಿ.

2. ನೂರು ರೂಪಾಯಿ ಟಿಕೆಟ್ ಏನು ಕಲಿಸುತ್ತೆ?

"ಪಾಸ್ಟರ್, ಬರೀ ನೂರು ರೂಪಾಯಿ. ಒಂದು ಕಾಫಿ ದುಡ್ಡು. ಇದರಲ್ಲಿ ಯಾರು ಹಾಳಾಗ್ತಾರೆ?" ಒಪ್ತೀನಿ. ನೂರು ರೂಪಾಯಿಯಿಂದ ಯಾರ ಮನೆಯೂ ಮುಳುಗೋದಿಲ್ಲ. ನಾನು ಕೇಳ್ತಿರೋದು ಬೇರೆ. ಆ ಟಿಕೆಟ್ ನಮಗೆ ಏನು ಕಲಿಸುತ್ತೆ?

ಲೆಕ್ಕ ಹಾಕೋಣ. ಐನೂರು ಟಿಕೆಟ್ ಮಾರಿದ್ವಿ ಅಂತ ಇಟ್ಕೊಳ್ಳಿ. ಐವತ್ತು ಸಾವಿರ ಬಂತು. ಟಿವಿ, ಮಿಕ್ಸಿ, ಸೈಕಲ್ಲಿಗೆ ಇಪ್ಪತ್ತೈದು ಸಾವಿರ ಹೋಯ್ತು. ಮಕ್ಕಳ ಶೀಟಿಗೆ ಉಳಿದದ್ದು ಇಪ್ಪತ್ತೈದು ಸಾವಿರ. ಅಂದ್ರೆ ಮಕ್ಕಳ ಹೆಸರಿನಲ್ಲಿ ಕೊಟ್ಟ ಪ್ರತಿ ನೂರರಲ್ಲಿ ಐವತ್ತು ಯಾರದೋ ಮನೆಯ ಟಿವಿಗೆ ಹೋಯ್ತು. ಯಾರಾದರೂ ಟಿವಿಯನ್ನು ಪುಕ್ಕಟೆ ಕೊಟ್ಟರೂ ಸರಿ, ಡ್ರಾ ಸಮಯದಲ್ಲಿ ಐನೂರು ಜನರ ಕಣ್ಣು ಎಲ್ಲಿರುತ್ತೆ? ಸೋರುವ ಶೀಟಿನ ಮೇಲೆ ಇರುತ್ತಾ? ಇಲ್ಲ. ಎಲ್ಲರೂ ತಮ್ಮ ಕೈಯಲ್ಲಿರೋ ನಂಬರ್ ನೋಡ್ತಾ ಇರ್ತಾರೆ. ನಂಬರ್ ಕೂಗಿದ ಮೇಲೆ ಒಬ್ಬ ಕುಣೀತಾನೆ, ಉಳಿದವರು ಟಿಕೆಟ್ ಹರಿದು ಹಾಕಿ, "ಥೂ, ನನ್ನ ಲಕ್ಕೇ ಇಷ್ಟು" ಅಂತ ಮನೆಗೆ ಹೋಗ್ತಾರೆ. ಪ್ರಿಯರೇ, ಬಡ ಮಕ್ಕಳಿಗೆ ಸಹಾಯ ಮಾಡಿ ಮನೆಗೆ ಹೋಗುವ ದೇವಜನರ ಬಾಯಲ್ಲಿ ಬರಬೇಕಾದ ಮಾತಾ ಅದು? ಕೊಟ್ಟವನು ಸೋತವನ ಹಾಗೆ ಮನೆಗೆ ಹೋಗಬಾರದು.

ಪೌಲನು 2 ಕೊರಿಂಥ 9:7ರಲ್ಲಿ ಕಲಿಸುವುದೇನು? ಬೇಸರದಿಂದ ಬೇಡ, ಬಲವಂತದಿಂದ ಬೇಡ, ಹೃದಯದಲ್ಲಿ ನಿಶ್ಚಯಿಸಿಕೊಂಡ ಹಾಗೆ ಕೊಡಿ, ಸಂತೋಷವಾಗಿ ಕೊಡುವವನು ದೇವರಿಗೆ ಪ್ರಿಯ. ಆ ಸಂತೋಷ ಕೊಡುವುದರಲ್ಲೇ ಇದೆ. ಬಹುಮಾನ ಬಂದ್ರೆ ಮಾತ್ರ ಸಂತೋಷ ಅನ್ನೋದನ್ನು ನಾವು ಒಂದು ಮಗುವಿನ ಕೈಯಿಂದ ಚೀಟಿ ತೆಗೆಸಿ ಕಲಿಸಬೇಕಾ? "ಫ್ಯಾಮಿಲಿ ಫ್ರೆಂಡ್ಲಿ" ಅಂದ್ರೆ ಅಲ್ಲಿ ಸಿಗರೇಟು, ಕುಡಿತ ಇಲ್ಲ ಅನ್ನೋದಷ್ಟೇ ಅಲ್ಲ. ಆ ಕಾರ್ಯಕ್ರಮ ಮುಗಿಯುವಾಗ ನಮ್ಮ ಮಕ್ಕಳು ಏನು ಪ್ರೀತಿಸೋಕೆ ಕಲಿತರು ಅನ್ನೋದು.

ಯೆಶಾಯ 65:11 ಮನೆಗೆ ಹೋಗಿ ಓದಿ. ಯೆಹೋವನನ್ನು ಬಿಟ್ಟು, ಆತನ ಪರಿಶುದ್ಧ ಪರ್ವತವನ್ನು ಮರೆತವರ ವಿಷಯ ಅಲ್ಲಿದೆ. ಅವರು ಎರಡು ದೇವತೆಗಳಿಗೆ ಮೇಜು ಹಾಸಿ, ಪಾತ್ರೆ ತುಂಬಿಸ್ತಾ ಇದ್ದರು. ಹೀಬ್ರೂ ಭಾಷೆಯಲ್ಲಿ ಅವುಗಳ ಹೆಸರು ಗಾದ್ ಮತ್ತು ಮೆನೀ. ಗಾದ್ ಅಂದ್ರೆ ಅದೃಷ್ಟ, ಮೆನೀ ಅಂದ್ರೆ ಹಣೆಬರಹ. ಇವತ್ತು ಗುಡಿ ಕಟ್ಟಿ ಅದನ್ನು ಯಾರೂ ಆರಾಧಿಸೋದಿಲ್ಲ, ಆದರೆ ಅದರ ಮೇಜು ನಮ್ಮ ಮೊಬೈಲಿನಲ್ಲೇ ಹಾಸಿದೆ. ಐಪಿಎಲ್ ಬಂದ್ರೆ ಟೀಮ್ ಕಟ್ಟಿ ದುಡ್ಡು ಹಾಕೋದು, ರಮ್ಮಿ ಆ್ಯಪ್, ಬಣ್ಣ ಊಹಿಸೋ ಆಟ. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಆನ್‌ಲೈನ್ ಹಣದಾಟಗಳನ್ನೇ ನಿಷೇಧಿಸುವ ಕಾನೂನು ಮಾಡಬೇಕಾಯ್ತು. ಎಷ್ಟು ಮನೆಗಳ ಕಣ್ಣೀರು ಅದರ ಹಿಂದೆ ಇದ್ದಿರಬೇಕು, ಯೋಚಿಸಿ.

ಕಾನೂನಿನ ಮಾತು ಬಂತು, ಚಿಕ್ಕದಾಗಿ ಹೇಳಿ ಮುಂದೆ ಹೋಗ್ತೀನಿ. ಬಸ್ ಸ್ಟ್ಯಾಂಡ್ ಪಕ್ಕ ಲಾಟರಿ ಅಂಗಡಿ ಇದ್ದದ್ದು ಇಲ್ಲಿರೋ ಹಿರಿಯರಿಗೆ ನೆನಪಿದೆ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಂತಿತು. ರಾಜ್ಯ ಸರ್ಕಾರ ನಡೆಸದ, ಅನುಮತಿ ಕೊಡದ ಲಾಟರಿಗೆ ಜಾಗ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಸೆಕ್ಷನ್ ಪ್ರಕಾರ ಅಪರಾಧ. ದುಡ್ಡು ಕೊಟ್ಟು ಟಿಕೆಟ್, ಅದೃಷ್ಟದಿಂದ ಆಯ್ಕೆ, ಬಹುಮಾನ, ಈ ಮೂರೂ ಕೂಡಿದ ಕಡೆ ಸಭೆಯ ಹೆಸರು ಬರೋದೇ ಬೇಡ. ಹಾಗಂತ ನಾನು ಕಾನೂನಿಗೆ ಹೆದರಿ ಬೇಡ ಅಂತಿಲ್ಲ. ಪಕ್ಕದ ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ಇಲಾಖೆ ನಡೆಸುತ್ತೆ, ಅಲ್ಲಿ ಅದು ಕಾನೂನುಬದ್ಧ. ಅಲ್ಲಿರೋ ವಿಶ್ವಾಸಿಗೂ ಇದೇ ಪ್ರಶ್ನೆ ಇದೆ. ಕಾನೂನು ಎಲ್ಲಿ ಸುಮ್ಮನಿರುತ್ತೋ ಅಲ್ಲಿ ಪವಿತ್ರಾತ್ಮನು ಮಾತಾಡ್ತಾನೆ.

3. ಟಿಕೆಟ್ ಪುಸ್ತಕ ಯಾರ ಕೈಗೆ ಹೋಗುತ್ತೆ?

ಒಬ್ಬ ಸಹೋದರರ ವಿಷಯ, ಅವರ ಅನುಮತಿ ತೆಗೆದುಕೊಂಡು ಹೇಳ್ತಿದ್ದೇನೆ. ಹೆಸರು ಹೇಳೋದಿಲ್ಲ, ಯಾರೂ ತಿರುಗಿ ನೋಡಬೇಡಿ. ಅವರು ಮೊಬೈಲಿನಲ್ಲಿ ರಮ್ಮಿ ಆಡಿ ಪಿಎಫ್ ಹಣ, ಹೆಂಡತಿಯ ಮಾಂಗಲ್ಯದ ಸರ ಎಲ್ಲ ಕಳೆದುಕೊಂಡವರು. ಲೋನ್ ಆ್ಯಪ್‌ನವರು ಅವರ ಆಫೀಸಿಗೇ ಫೋನ್ ಮಾಡ್ತಿದ್ದರು. ಕರ್ತನು ಅವರನ್ನು ಎತ್ತಿದನು. ಎರಡು ವರ್ಷದಿಂದ ಒಂದು ರೂಪಾಯಿ ಆಡಿಲ್ಲ. ಸ್ತೋತ್ರ!

ಲಕ್ಕಿ ಡ್ರಾ ಮೆಸೇಜು ನಮ್ಮ ವಾಟ್ಸ್ಆ್ಯಪ್ ಗ್ರೂಪಿಗೆ ಬಂದ ರಾತ್ರಿ ಅವರು ನನಗೆ ಫೋನ್ ಮಾಡಿದರು. "ಪಾಸ್ಟರಣ್ಣ, ಒಂದು ಟಿಕೆಟ್ ಪುಸ್ತಕ ನಮ್ಮ ಮನೆಗೂ ಬರುತ್ತಾ?" ಅಂತ ಕೇಳಿದರು. "ನಾನು ತಗೊಳ್ಳೋದಿಲ್ಲ ಅಂದ್ರೆ ಸಭೆ ಮೇಲೆ ಪ್ರೀತಿ ಇಲ್ಲ ಅಂದ್ಕೋತಾರೆ. ತಗೊಂಡ್ರೆ, ಉಳಿದ ಟಿಕೆಟೆಲ್ಲ ನಾನೇ ಕೊಂಡ್ಕೋತೀನಿ ಅಂತ ನನಗೆ ಗೊತ್ತು. ಆ ರಾತ್ರಿ ನಿದ್ದೆ ಬರೋದಿಲ್ಲ ಅಂತಾನೂ ಗೊತ್ತು." ಆಮೇಲೆ ಅವರು ಹೇಳಿದ ಮಾತು ನನ್ನನ್ನು ಮೊಣಕಾಲಿಗೆ ತಂತು. "ಹೊರಗಡೆ ಎಲ್ಲಾ ಕಡೆ ಇದೆ ಪಾಸ್ಟರಣ್ಣ. ಚರ್ಚ್ ಗೇಟ್ ಒಳಗೆ ಮಾತ್ರ ಇಲ್ಲ ಅಂತ ಇಲ್ಲಿಗೆ ಬರ್ತೀನಿ."

ಪ್ರಿಯರೇ, ಐನೂರು ಜನರಿಗೆ ಆಟ ಆಗಿರೋದು ಒಬ್ಬನಿಗೆ ಹಗ್ಗ ಆಗಬಹುದು. 1 ಕೊರಿಂಥ 8ನೇ ಅಧ್ಯಾಯದಲ್ಲಿ ಪೌಲನ ವಾದ ಇದೇ. ವಿಗ್ರಹ ಏನೂ ಅಲ್ಲ ಅಂತ ಅವನಿಗೆ ಗೊತ್ತು, ಮಾಂಸ ತಿನ್ನೋಕೆ ಅವನಿಗೆ ಸ್ವಾತಂತ್ರ್ಯ ಇದೆ. ಆದರೂ ತನ್ನ ಊಟ ಸಹೋದರನನ್ನು ಬೀಳಿಸುತ್ತೆ ಅಂದ್ರೆ ಮಾಂಸವನ್ನೇ ಮುಟ್ಟೋದಿಲ್ಲ ಅಂತ ನಿಶ್ಚಯಿಸಿದನು. ಕ್ರಿಸ್ತನು ಪ್ರಾಣ ಕೊಟ್ಟದ್ದು ಅವನಿಗಾಗಿಯೂ ಅಲ್ವಾ? ಮಕ್ಕಳ ಶೀಟು ನಿಲ್ಲಿಸೋದಕ್ಕೆ ಅಪ್ಪನೊಬ್ಬನನ್ನು ಬೀಳಿಸೋದು ಬೇಡ. ಆಮೆನ್ ಅನ್ನುವವರು ಆಮೆನ್ ಅನ್ನಿ. (ಸಭೆ: ಆಮೆನ್!)

ಇನ್ನೊಂದು ಮಾತು. ಲಕ್ಕಿ ಡ್ರಾ ಟಿಕೆಟ್ ಆಸೆಯಿಂದ ಕೊಳ್ಳೋರು ಯಾರು? ಮನೆಯಲ್ಲಿ ಆಗಲೇ ದೊಡ್ಡ ಟಿವಿ ಇರೋನು ದಾಕ್ಷಿಣ್ಯಕ್ಕೆ ಒಂದು ಕೊಳ್ಳುತ್ತಾನೆ. ಟಿವಿ ಇಲ್ಲದ ಹೌಸ್‌ಕೀಪಿಂಗ್ ಅಕ್ಕ ಮೂರು ಕೊಳ್ಳುತ್ತಾಳೆ. ಆ ಟ್ಯೂಷನ್ನಿಗೆ ಬರುವುದು ಅವಳದೇ ಮಗು! ಆ ಮಗುವಿಗೆ ಸಹಾಯ ಮಾಡೋಕೆ ಆ ತಾಯಿಯ ಆಸೆಯಿಂದಲೇ ದುಡ್ಡು ಎತ್ತಬೇಕಾ?

4. ಯೆಹೋಯಾದನ ಪೆಟ್ಟಿಗೆ

ಈಗ ನಮ್ಮ ವಾಕ್ಯಕ್ಕೆ ಬರೋಣ. ಯೋವಾಷನು ಏಳು ವರ್ಷದವನಾಗಿ ಅರಸನಾದನು. ಅದಕ್ಕೆ ಮುಂಚೆ ಆರು ವರ್ಷ ಎಲ್ಲಿದ್ದನು? ಅಜ್ಜಿ ಅತಲ್ಯಳು ರಾಜವಂಶವನ್ನೇ ಕೊಲ್ಲಿಸಿದಾಗ ಈ ಕೂಸನ್ನು ಎತ್ತಿಕೊಂಡು ಹೋಗಿ ಯೆಹೋವನ ಆಲಯದಲ್ಲಿ ಬಚ್ಚಿಟ್ಟರು. ಆ ಆಲಯವೇ ಅವನ ಮನೆ, ಆ ಗೋಡೆಗಳೇ ಅವನ ಪ್ರಾಣ ಉಳಿಸಿದ್ದು. ಬೆಳೆದು ದೊಡ್ಡವನಾದ ಮೇಲೆ ಅವನಿಗೆ ಆ ಗೋಡೆಯ ಬಿರುಕು ಕಂಡಿತು. ತನ್ನನ್ನು ಉಳಿಸಿದ ಮನೆ ಸೋರ್ತಾ ಇದ್ದರೆ ಯಾರಿಗೆ ತಡೆಯೋಕಾಗುತ್ತೆ? ನಮ್ಮ ಟ್ಯೂಷನ್ ಕೋಣೆಯಲ್ಲಿ ಕೂರುವ ಮಕ್ಕಳಲ್ಲಿ ಒಬ್ಬಳು ನಾಳೆ ಇನ್ನೊಂದು ಕೋಣೆಯ ಶೀಟು ಹಾಕಿಸಬಹುದು. ವಿಶ್ವಾಸದಿಂದ ಹೇಳಿ, ಆಮೆನ್!

ಯಾಜಕರು ಹಣ ಎತ್ತಿ ದುರಸ್ತಿ ಮಾಡಿಸಬೇಕು ಅಂತ ಅರಸನು ಆಜ್ಞೆ ಕೊಟ್ಟನು. ಆದರೆ ಅವನ ಆಳ್ವಿಕೆಯ ಇಪ್ಪತ್ತಮೂರನೇ ವರ್ಷ ಬಂದರೂ ಒಂದು ಬಿರುಕೂ ಮುಚ್ಚಿರಲಿಲ್ಲ. ಇಪ್ಪತ್ತಮೂರು! ಚರ್ಚ್ ಕಮಿಟಿ ನಿಧಾನ ಅಂತ ಗೊಣಗುವವರಿಗೆ ಸಮಾಧಾನ ಆಗಲಿ. (ನಗು) ಆಗ ಅರಸನು ಅವರನ್ನು ಕರೆದು ಕೇಳಿದನು, ವಿಧಾನವನ್ನೇ ಬದಲಿಸಿದನು. ಯಾಜಕನಾದ ಯೆಹೋಯಾದನು ಒಂದು ಪೆಟ್ಟಿಗೆ ತಂದು, ಅದರ ಮುಚ್ಚಳಕ್ಕೆ ತೂತು ಕೊರೆದು ಇಟ್ಟನು. ಪೂರ್ವಕಾಲವೃತ್ತಾಂತದಲ್ಲಿ ಓದಿದರೆ ಇನ್ನೂ ಚೆನ್ನಾಗಿದೆ: ಪ್ರಧಾನರೂ ಜನರೂ ಸಂತೋಷದಿಂದ ಬಂದು ಪೆಟ್ಟಿಗೆ ತುಂಬುವ ತನಕ ಹಾಕಿದರು.

ಈ ಪೆಟ್ಟಿಗೆಯನ್ನು ಲಕ್ಕಿ ಡ್ರಾ ಡಬ್ಬಿಯ ಪಕ್ಕ ಇಟ್ಟು ನೋಡಿ. ಎರಡಕ್ಕೂ ಮೇಲೆ ತೂತಿದೆ. ಒಂದರೊಳಗೆ ನನ್ನ ಹೆಸರು ಹಾಕಿ, ಅದು ಹೊರಗೆ ಬರಲಿ ಅಂತ ಕಾಯ್ತೀನಿ. ಇನ್ನೊಂದರೊಳಗೆ ನನ್ನ ಹಣ ಹಾಕಿ ನನ್ನ ಹೆಸರನ್ನು ಮರೀತೀನಿ. ಒಂದರಿಂದ ಒಬ್ಬನ ಮನೆಗೆ ಟಿವಿ ಹೊರಬರುತ್ತೆ. ಇನ್ನೊಂದರಿಂದ ಮರ, ಕಲ್ಲು, ಬಡಗಿಯ ಕೂಲಿ ಹೊರಬಂದು ಎಲ್ಲರಿಗೂ ಒಂದು ಆಲಯ ನಿಲ್ಲುತ್ತೆ. ಪಕ್ಕದಲ್ಲಿ ಕೂತಿರೋರಿಗೆ ಹೇಳಿ, "ನನ್ನ ಹೆಸರು ಬರದಿದ್ದರೂ ಪರವಾಗಿಲ್ಲ, ಗೋಡೆ ನಿಲ್ಲಲಿ." ಹೇಳಿದ್ರಾ?

ಆ ಪೆಟ್ಟಿಗೆಯಿಂದ ನಾವು ಕಲಿಯಬೇಕಾದ ಕೆಲಸದ ಮಾತುಗಳಿವೆ. ಹಣ ಹೆಚ್ಚಾದಾಗ ಎಣಿಸಿದ್ದು ಒಬ್ಬರಲ್ಲ. ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲದಲ್ಲಿ ಕಟ್ಟಿದರು. ಆ ಹಣದಿಂದ ಬೆಳ್ಳಿಯ ಬಟ್ಟಲು ಮಾಡಿಸಲಿಲ್ಲ. ಯಾವುದಕ್ಕೆ ಬಂತೋ ಅದಕ್ಕೇ ಹೋಯ್ತು. ದುರಸ್ತಿ ಮುಗಿದು ಉಳಿದದ್ದರಿಂದ ಮಾತ್ರ ಪಾತ್ರೆ ಮಾಡಿಸಿದರು. ಕೆಲಸ ಮಾಡಿಸಿದ ಮೇಸ್ತ್ರಿಗಳು ಎಷ್ಟು ನಂಬಿಗಸ್ತರು ಅಂದ್ರೆ ಅವರಿಂದ ಲೆಕ್ಕ ಕೇಳುವ ಅಗತ್ಯವೇ ಬೀಳಲಿಲ್ಲ. ಪೌಲನೂ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. 2 ಕೊರಿಂಥ 8:20, 21ರಲ್ಲಿ ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಎಚ್ಚರಿಕೆ ವಹಿಸುತ್ತಾನೆ. "ನಂಬಿಕೆ ಇದೆ ಪಾಸ್ಟರ್, ಲೆಕ್ಕ ಯಾಕೆ" ಅನ್ನೋರಿಗೆ ನಾನು ಹೇಳೋದು: ನಂಬಿಕೆ ಇರೋ ಕಡೆಯೇ ಲೆಕ್ಕ ಚೊಕ್ಕವಾಗಿರಬೇಕು.

5. ಹಾಗಾದರೆ ಮೇಳದಲ್ಲಿ ಏನು ಮಾಡ್ತೀವಿ?

ಬೇಡ ಅಂತ ಹೇಳಿ ಕೈಕಟ್ಟಿ ಕೂರೋದು ಸುಲಭ. ಯೂತ್ ಕಮಿಟಿಯವರು ಮೂರು ದಿನದಲ್ಲಿ ಹೊಸ ಯೋಜನೆ ತಂದಿದ್ದಾರೆ, ಕೇಳಿ ನನಗೆ ಸಂತೋಷವಾಯ್ತು.

ಒಂದು, ಅಗತ್ಯವನ್ನು ಬಿಡಿಸಿ ಬರೀತಾರೆ. ಗೇಟಿನಲ್ಲೇ ದೊಡ್ಡ ಬೋರ್ಡು: ಒಂದು ಶೀಟಿಗೆ ಎಷ್ಟು, ಒಂದು ಬೆಂಚಿಗೆ ಎಷ್ಟು, ಒಂದು ಮಗುವಿನ ವರ್ಷದ ನೋಟ್‌ಬುಕ್‌ಗೆ ಎಷ್ಟು. ಕೊಟ್ಟ ಹಾಗೆ ಮಕ್ಕಳು ಆ ಬೋರ್ಡಿಗೆ ಬಣ್ಣ ತುಂಬ್ತಾರೆ. ಎಲ್ಲರ ಕಣ್ಣು ಕೈಯಲ್ಲಿರೋ ನಂಬರ್ ಬಿಟ್ಟು ಶೀಟಿನ ಕಡೆ ತಿರುಗಲಿ.

ಎರಡು, ಮಾರುವುದನ್ನು ನ್ಯಾಯವಾಗಿ ಮಾರ್ತೀವಿ. ಅಕ್ಕಿ ರೊಟ್ಟಿ, ಬಿರಿಯಾನಿ, ಕೇಸರಿಬಾತು, ರಾಗಿ ಲಡ್ಡು. ಕೊಟ್ಟ ದುಡ್ಡಿಗೆ ತಕ್ಕ ಊಟ ಸಿಗುತ್ತೆ, ಯಾರೂ ಸೋಲೋದಿಲ್ಲ. ಅಮ್ಮಂದಿರೇ, ಸಾಮಾನಿನ ಖರ್ಚು ಕಳೆದು ಉಳಿದದ್ದು ಎಷ್ಟು ಅಂತ ಚೀಟಿಯಲ್ಲಿ ಬರೆದು ಕೊಡಿ.

ಮೂರು, ಮಕ್ಕಳಿಗೆ ಆಟ ಇದ್ದೇ ಇರುತ್ತೆ. ಲಗೋರಿ, ಗೋಣಿಚೀಲದ ಓಟ, ನಿಂಬೆಹಣ್ಣು ಚಮಚ, ಬೈಬಲ್ ಕ್ವಿಜ್. ಓಡಿ ಗೆದ್ದವರಿಗೆ ಚಪ್ಪಾಳೆ, ಆಡಿದ ಎಲ್ಲರಿಗೂ ಒಂದೇ ಥರದ ಬಿಸ್ಕತ್ ಪ್ಯಾಕೆಟ್. ಟ್ಯೂಷನ್ ಮಕ್ಕಳೂ ಅವರ ತಂದೆತಾಯಿಯೂ ನಮ್ಮ ಅತಿಥಿಗಳು. ಅವರಿಗೆ ಊಟದ ಕೂಪನ್ ಮೊದಲೇ ಕೊಡ್ತೀವಿ. ಅವರನ್ನು ಸ್ಟೇಜಿಗೆ ಕರೆದು ಫೋಟೋ ತೆಗೆಯೋದಿಲ್ಲ.

ನಾಲ್ಕು, ಬಹುಮಾನಕ್ಕೆ ಅಂತ ಒಬ್ಬ ಸಹೋದರ ಸೈಕಲ್ ಕೊಡೋಕೆ ಮುಂದೆ ಬಂದಿದ್ದರು. ಅವರನ್ನೇ ಕೇಳಿದ್ವಿ. ಟ್ಯೂಷನ್ನಿಗೆ ತುಂಬಾ ದೂರದಿಂದ ನಡೆದು ಬರೋ ಒಬ್ಬ ಹುಡುಗಿ ಇದ್ದಾಳೆ, ಡ್ರಾ ಇಲ್ಲದೆ ಅವಳಿಗೇ ಕೊಡಬಹುದಾ ಅಂತ. ಅವರು, "ಅಯ್ಯೋ, ಅದಕ್ಕಿಂತ ಏನು ಬೇಕು" ಅಂದರು. ನೋಡಿ, ಅದೃಷ್ಟಕ್ಕೆ ಬಿಟ್ಟಿದ್ದರೆ ಆ ಸೈಕಲ್ ಎಲ್ಲಿಗೆ ಹೋಗ್ತಿತ್ತೋ. ಪ್ರೀತಿಗೆ ವಿಳಾಸ ಗೊತ್ತಿರುತ್ತೆ.

ಹರಾಜು ಮಾಡೋಣವೇ ಅಂತಲೂ ಕೆಲವರು ಕೇಳಿದರು. ಸಿಎಸ್ಐ ಸಭೆಗಳ ಸುಗ್ಗಿ ಹಬ್ಬದಲ್ಲಿ ಪ್ರಥಮಫಲವಾಗಿ ತಂದ ಕುಂಬಳಕಾಯಿ, ಕೋಳಿ ಹರಾಜು ಹಾಕೋದನ್ನು ನಾವು ನೋಡಿದ್ದೇವೆ. ಅದು ಜೂಜಲ್ಲ, ಕೂಗಿದವನು ಕಣ್ಣು ಬಿಟ್ಟುಕೊಂಡೇ ಕೊಡ್ತಾನೆ. ಆದರೆ ಎಚ್ಚರ ಇರಲಿ: ದುಡ್ಡಿದ್ದವನ ಕೂಗು ದೊಡ್ಡದಾಗಿ, ಇಲ್ಲದವನು ತಲೆ ತಗ್ಗಿಸುವ ಹಾಗೆ ಆಗಬಾರದು. ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ನೆನಪಿರಲಿ. ಈ ಸಲ ಹರಾಜು ಬೇಡ ಅಂತ ಬಿಟ್ಟಿದ್ದೇವೆ.

ಐದು, ಯೆಹೋಯಾದನ ಪೆಟ್ಟಿಗೆ. ಗೇಟಿನ ಬಲಗಡೆ ಒಂದು ಮರದ ಪೆಟ್ಟಿಗೆ, ಮುಚ್ಚಳಕ್ಕೆ ತೂತು, ಎರಡು ಬೀಗ, ಇಬ್ಬರ ಹತ್ತಿರ ಕೀಲಿ. ಪಕ್ಕದಲ್ಲಿ ಕ್ಯೂಆರ್ ಕೋಡ್, ಅದು ಸಭೆಯ ಖಾತೆಯದೇ. ಯಾರ ಸ್ವಂತ ನಂಬರೂ ಅಲ್ಲ. ಅದೇ ರಾತ್ರಿ ಒಬ್ಬ ಹಿರಿಯರು, ಒಬ್ಬ ಸಹೋದರಿ, ಯೂತ್‌ನಿಂದ ಒಬ್ಬರು ಕೂತು ಎಣಿಸ್ತಾರೆ. ಮುಂದಿನ ಭಾನುವಾರ ಪೂರ್ತಿ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಇರುತ್ತೆ.

ಆರು, ಮನೆಮನೆಗೆ ಟಿಕೆಟ್ ಪುಸ್ತಕದ ಬದಲು ಒಂದು ಚಿಕ್ಕ ಡಬ್ಬಿ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಗಳ ತಾಯಂದಿರು ನೂರಕ್ಕೂ ಹೆಚ್ಚು ವರ್ಷದಿಂದ ಒಂದು ಅಭ್ಯಾಸ ಇಟ್ಟುಕೊಂಡಿದ್ದಾರೆ. ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ತೆಗೆದು ಪಕ್ಕಕ್ಕೆ ಇಡ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ಬುಹ್‌ಫಾಯ್ ಥಾಮ್ ಅಂತ ಹೆಸರು, ಹಿಡಿ ಅಕ್ಕಿ ಅಂತ ಅರ್ಥ. ಆ ಅಕ್ಕಿಯನ್ನು ಕೂಡಿಸಿ ಮಾರಿ ಮಿಷನರಿಗಳನ್ನು ಕಳಿಸ್ತಾರೆ. ಬಡ ಮನೆಯೂ ಕೊಡುತ್ತೆ, ಮಗುವೂ ನೋಡಿ ಕಲಿಯುತ್ತೆ, ಯಾರ ಹೆಸರೂ ಡಬ್ಬಿಯಿಂದ ಹೊರಬರೋದಿಲ್ಲ. ಇದಕ್ಕಿಂತ ಫ್ಯಾಮಿಲಿ ಫ್ರೆಂಡ್ಲಿ ಏನಿದೆ? ನೀವು ಆನ್‌ಲೈನ್‌ನಲ್ಲಿ ಊಟ ತರಿಸಿದಾಗಲೆಲ್ಲ ಹತ್ತು ರೂಪಾಯಿ ಆ ಡಬ್ಬಿಗೆ ಹಾಕಿ. ಕೆಲವರ ಡಬ್ಬಿ ಒಂದೇ ವಾರದಲ್ಲಿ ತುಂಬುತ್ತೆ ಅಂತ ನನಗೆ ಗೊತ್ತು. (ನಗು)

"ಇದರಿಂದ ಲಕ್ಕಿ ಡ್ರಾದಷ್ಟು ದುಡ್ಡು ಬರುತ್ತಾ ಪಾಸ್ಟರ್?" ಬರದೇ ಇರಬಹುದು. ಕಡಿಮೆ ಬಂದರೆ ಈ ವರ್ಷ ಶೀಟು ಹಾಕ್ತೀವಿ, ಬೆಂಚಿಗೆ ಇನ್ನೊಂದು ವರ್ಷ ಕಾಯ್ತೀವಿ, ಮಕ್ಕಳು ಚಾಪೆ ಮೇಲೆ ಕೂರ್ತಾರೆ. ಅಷ್ಟರ ಮಟ್ಟಿಗೆ ನಷ್ಟ ಆಗೋಕೆ ನಾವು ಸಿದ್ಧರಿರಬೇಕು. ಆದರೆ ಮೋಶೆಯ ಕಾಲದಲ್ಲಿ ಏನಾಯ್ತು? ವಿಮೋಚನಕಾಂಡ 36ರಲ್ಲಿ ಜನರು ದಿನಾ ಬೆಳಗ್ಗೆ ತಂದು ತಂದು ಕೊಟ್ಟು, ಕೊನೆಗೆ ಕೆಲಸದವರೇ ಬಂದು ಸಾಕು ಅಂದರು, ಮೋಶೆ ಪಾಳೆಯದಲ್ಲಿ ಡಂಗುರ ಹೊಡೆಸಿ ನಿಲ್ಲಿಸಬೇಕಾಯ್ತು. ಅವರಿಗೆ ಟಿವಿ ಆಸೆ ಯಾರೂ ತೋರಿಸಿರಲಿಲ್ಲ. ಅವರ ಹೃದಯವನ್ನು ದೇವರು ಎಬ್ಬಿಸಿದ್ದನು.

6. ಶಿಲುಬೆಯ ಕೆಳಗಿನ ಚೀಟು

ಒಬ್ಬನಿಗೆ ಸಿಕ್ಕಿ ಉಳಿದವರಿಗೆ ಸಿಗದ ಚೀಟು ಸತ್ಯವೇದದಲ್ಲಿ ಎಲ್ಲಿದೆ ಅಂತ ಹೇಳ್ತೀನಿ ಅಂದಿದ್ದೆ. ಯೋಹಾನ 19:23, 24. ಗೊಲ್ಗೊಥಾ. ನಾಲ್ಕು ಮಂದಿ ಸಿಪಾಯಿಗಳು. ಬಟ್ಟೆಗಳನ್ನು ನಾಲ್ಕು ಪಾಲು ಮಾಡಿದರು. ಒಳಂಗಿ ಮಾತ್ರ ಉಳಿಯಿತು. ಹೊಲಿಗೆಯೇ ಇಲ್ಲದೆ ಮೇಲಿಂದ ಕೆಳಗಿನ ತನಕ ನೇಯ್ದದ್ದು. ಹರಿದರೆ ಹಾಳಾಗುತ್ತೆ ಅಂತ ಚೀಟು ಹಾಕಿದರು. ಒಬ್ಬನು ಗೆದ್ದನು, ಮೂವರು ಸೋತರು.

ಆ ದೃಶ್ಯ ನೋಡಿ. ನಾಲ್ಕು ತಲೆಗಳು ಬಗ್ಗಿವೆ, ನಾಲ್ಕು ಜೊತೆ ಕಣ್ಣು ನೆಲದ ಮೇಲಿನ ಬಟ್ಟೆಯ ಮೇಲಿದೆ. ಅವರ ತಲೆಯ ಮೇಲೆ ಲೋಕದ ರಕ್ಷಕನು ರಕ್ತ ಸುರಿಸ್ತಾ ಇದ್ದಾನೆ. ಗೆದ್ದವನ ಕೈಗೆ ಅಂಗಿ ಬಂತು. ಅಂಗಿಯ ಒಡೆಯನು ಅವನಿಗೆ ಬೇಕಿರಲಿಲ್ಲ. ಶಿಲುಬೆಯ ಅಷ್ಟು ಹತ್ತಿರ ಇದ್ದೂ ಕಣ್ಣೆತ್ತಿ ನೋಡದೆ ಇರಬಹುದು ಪ್ರಿಯರೇ. ಚರ್ಚ್ ಕಾಂಪೌಂಡಿನ ಒಳಗೇ ಇದ್ದೂ ನಂಬರ್ ನೋಡ್ತಾ ಕೂರಬಹುದು.

ಆದರೆ ಆ ಶಿಲುಬೆಯ ಮೇಲಿನವನು ಏನು ಮಾಡ್ತಿದ್ದನು? 2 ಕೊರಿಂಥ 8:9ರ ಅರ್ಥ ಇದು: ಐಶ್ವರ್ಯವಂತನಾಗಿದ್ದವನು ನಮಗೋಸ್ಕರ ಬಡವನಾದನು, ನಾವು ಐಶ್ವರ್ಯವಂತರಾಗಲಿ ಅಂತ. ಆತನು ನಮ್ಮ ರಕ್ಷಣೆಯನ್ನು ಚೀಟಿಗೆ ಬಿಡಲಿಲ್ಲ. ಇಷ್ಟು ಜನರಲ್ಲಿ ಒಬ್ಬರಿಗೆ ಅಂತ ಹೇಳಲಿಲ್ಲ. ಯಾವನು ಬಂದರೂ ತಳ್ಳಿಬಿಡೋದಿಲ್ಲ ಅಂತ ವಾಗ್ದಾನ ಕೊಟ್ಟಿದ್ದಾನೆ. ನಿಮ್ಮ ಹೆಸರು ಡಬ್ಬಿಯಲ್ಲಿ ಇಲ್ಲ, ಆತನ ಅಂಗೈಯಲ್ಲಿ ಕೆತ್ತಿದೆ. ಹಲ್ಲೆಲೂಯ!

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಕೀಬೋರ್ಡ್ ಮೆಲ್ಲಗೆ ನುಡಿಸಿ.

ಇಲ್ಲಿ ಯಾರಾದರೂ ಗುಟ್ಟಾಗಿ ಆ ಆಟದ ಆ್ಯಪ್‌ಗಳಿಗೆ ಸಿಕ್ಕಿಕೊಂಡಿದ್ದೀರಾ? ಮನೆಯಲ್ಲಿ ಗೊತ್ತಿಲ್ಲ, ಸಾಲ ಬೆಳೀತಾ ಇದೆ, ಇನ್ನೊಂದು ಸಲ ಗೆದ್ದರೆ ಎಲ್ಲ ಸರಿ ಮಾಡ್ತೀನಿ ಅಂತ ನಿಮಗೆ ನೀವೇ ಹೇಳ್ಕೋತಾ ಇದ್ದೀರಾ? ಆ ಇನ್ನೊಂದು ಸಲ ಬರೋದಿಲ್ಲ, ತಮ್ಮ. ಬರೋದಿಲ್ಲ, ತಂಗಿ. ಮುಂದೆ ಬನ್ನಿ. ಇಲ್ಲಿ ಯಾರೂ ನಿಮ್ಮನ್ನು ನಾಚಿಸೋದಿಲ್ಲ. ಪ್ರಾರ್ಥನೆ ಆದ ಮೇಲೆ ಹಿರಿಯರೊಬ್ಬರು ನಿಮ್ಮ ಜೊತೆ ಕೂತು, ಸಾಲದ ಲೆಕ್ಕ ಬರೆದು, ಮನೆಯವರಿಗೆ ಹೇಳೋದಕ್ಕೂ ಜೊತೆಗೆ ಬರ್ತಾರೆ. ಡಾಕ್ಟರ್ ಅಥವಾ ಕೌನ್ಸೆಲರ್ ಸಹಾಯ ಬೇಕಾದರೆ ಅದೂ ನಂಬಿಕೆಗೆ ವಿರೋಧ ಅಲ್ಲ.

ಇನ್ನು ಕೆಲವರು ಸಂಬಳ ಚೆನ್ನಾಗಿದೆ, ಆದರೆ ಬಹಳ ದಿನದಿಂದ ಯಾರಿಗೂ ಏನೂ ಕೊಟ್ಟಿಲ್ಲ. ಕೊಟ್ಟರೂ ನನಗೇನು ವಾಪಸ್ಸು ಬರುತ್ತೆ ಅಂತ ನೋಡಿ ಕೊಟ್ಟಿದ್ದೀರಿ. ನಿಮ್ಮ ಕೈ ತೆರೆದು ದೇವರ ಮುಂದೆ ಹಿಡಿಯಿರಿ.

ಪ್ರೀತಿಯ ತಂದೆಯೇ, ನಿನ್ನ ಒಬ್ಬನೇ ಮಗನನ್ನು ಹಿಂದಕ್ಕೆ ಹಿಡಿಯದೆ ಕೊಟ್ಟ ದೇವರೇ, ಮುಂದೆ ಬಂದು ನಿಂತಿರುವ ಈ ಮಕ್ಕಳ ಕೈಯಿಂದ ಸಂಕೋಲೆ ಬೀಳಲಿ. ಅವರ ರಾತ್ರಿಗಳಿಗೆ ನಿದ್ದೆ ಕೊಡು. ನಮ್ಮ ಯೌವನಸ್ಥರ ಉತ್ಸಾಹವನ್ನು ಕಾಪಾಡು, ಅದನ್ನು ಪರಿಶುದ್ಧ ಮಾಡು. ಆ ಬೀದಿಯ ಮಕ್ಕಳಿಗೆ ಮಳೆಗಾಲ ಬರುವ ಮುಂಚೆ ಸೋರದ ಸೂರು ಕೊಡು. ಅದು ನಮ್ಮ ಸಂತೋಷದ ಕೈಗಳಿಂದಲೇ ಬರಲಿ. ನಮ್ಮ ಪೆಟ್ಟಿಗೆಯಲ್ಲಿ ದುರಾಸೆಯ ಒಂದು ರೂಪಾಯಿಯೂ ಬೀಳದಿರಲಿ. ಎಣಿಸುವವರನ್ನು ನಂಬಿಗಸ್ತರಾಗಿಡು, ಕೊಡುವವರನ್ನು ಆನಂದಪಡಿಸು. ಎಲ್ಲಾ ಘನಮಾನ ಮಹಿಮೆ ನಿನಗೇ ಸಲ್ಲಲಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ನಮ್ಮ ತಂದೆಯೇ. ಆಮೆನ್. ಆಮೆನ್.

ಮನೆಗೆ ಒಯ್ಯುವ ಡಬ್ಬಿಗಳು ಹಿಂದಿನ ಮೇಜಿನ ಮೇಲಿವೆ, ಕುಟುಂಬಕ್ಕೆ ಒಂದು. ಮಕ್ಕಳ ಕೈಯಲ್ಲೇ ಕೊಡಿ. ದೇವರು ನಿಮ್ಮನ್ನು ಆಶೀರ್ವದಿಸಲಿ.